ಸ್ಲ್ಯಾಶ್ ಇಲ್ಲದ ಸಾಲು

ನಾಸಿಕದ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ನನಗೆ ಕೆಲಸ ಕಲಿಸಿದವರು ಧಾರವಾಡದ ಕಡೆಯವರು. ಅಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಪಂಚ್ ಕಾರ್ಡುಗಳ ಕಟ್ಟನ್ನು ಕಿಟಕಿಯತ್ತ ಹಿಡಿದು, ಒಂದು ಕಣ್ಣು ಮುಚ್ಚಿ, ತೂತುಗಳು ಸಾಲಾಗಿವೆಯೇ ಎಂದು ನೋಡುತ್ತಿದ್ದರು. ನಾನು ‘ಸರಿಯಿರಬಹುದು’ ಎಂದರೆ, “ಮಷೀನಿಗೆ ಅಂದಾಜು ತಿಳಿಯೂದಿಲ್ರೀ” ಎನ್ನುತ್ತಿದ್ದರು.

ಅವರಿಗೆ ಔರಂಗಾಬಾದಿಗೆ ವರ್ಗವಾಯಿತು. ದೂರವೇನಲ್ಲ, ವೈಜಾಪುರ ದಾಟಿದರೆ ಬಂತು ಎಂದು ಎಲ್ಲರಿಗೂ ಹೇಳಿ ನಗುತ್ತಿದ್ದರು. ನನಗೆ ಮಾತ್ರ ಹಾಗೆ ಹೇಳಲಿಲ್ಲ.

ಅವರ ಕೊನೆಯ ದಿನ ನನ್ನ ಪ್ರೋಗ್ರಾಂ ಏನನ್ನೂ ಕೊಡದೆ ನಿಂತುಬಿಟ್ಟಿತು. ಕಾರ್ಡುಗಳ ಬರಹದಿಂದ ಬಿಡಿಭಾಗಗಳ ಹೆಸರನ್ನಷ್ಟೇ ಅದು ಆರಿಸಬೇಕಿತ್ತು. ಪ್ರತಿ ಹೆಸರಿನ ಮೊದಲಿಗೆ ಸ್ಟಾರ್ ಗುರುತು, ಕೊನೆಗೆ ಸ್ಲ್ಯಾಶ್ ಗುರುತು. ಎಲ್ಲೋ ಒಂದು ಗುರುತು ಬಿಟ್ಟುಹೋಗಿತ್ತು.

“ನಾ ಓದ್ತೀನಿ, ನೀವು ಮಷೀನ್ ಆಗ್ರಿ,” ಎಂದು ಕಾರ್ಡುಗಳ ಬರಹ ಅಚ್ಚಾದ ಹಾಳೆಗಳನ್ನು ಹಿಡಿದು ಎದುರಿಗೆ ಕೂತರು.

“ಸ್ಟಾರ್. ಬೋಲ್ಟ್. ಸ್ಲ್ಯಾಶ್.”

“ತಗೊಂಡೆ.”

“ಭಲೇ! ಮಷೀನಿಗಿಂತ ನೀವ ಲಗೂ ಅದೀರಿ.”

ಅರ್ಧ ಹಾಳೆಗಳು ಮುಗಿದಿದ್ದವು. “ಸ್ಟಾರ್. ವಾಷರ್,” ಎಂದು ಓದಿ ಮುಂದಿನ ಸಾಲಿಗೆ ಹೋದರು. ಸ್ಲ್ಯಾಶ್ ಬರಲಿಲ್ಲ. ತಪ್ಪು ಸಿಕ್ಕಿತು ಎಂದರೆ ಅವರು ಎದ್ದು ಹೊರಡುತ್ತಾರೆ. ನಾನು “ತಗೊಂಡೆ” ಎಂದೆ. ಅವರ ದನಿ ಸಾಗಿತು. ಆ ದನಿಯಲ್ಲಿ ನಟ್ಟು, ಸ್ಪ್ರಿಂಗುಗಳೂ ನಮ್ಮ ಮನೆಯ ಮಾತಿನಂತೆ ಕೇಳುತ್ತಿದ್ದವು.

ಒಂದೇ ಹಾಳೆ ಉಳಿದಾಗ ತಲೆಯೆತ್ತದೆ ಕೇಳಿದರು: “ಆ ವಾಷರಿಗೆ ಸ್ಲ್ಯಾಶ್ ಇದ್ದಿಲ್ಲ. ನಿಮಗ ಆವಾಗ ಗೊತ್ತಾಗಿತ್ತಲ್ರೀ?”

“ಹೂಂ. ನೀವೂ ನಿಲ್ಲಿಸಲಿಲ್ಲ.”

ಅವರು ಉಳಿದ ಹಾಳೆಯನ್ನು ಎತ್ತಿಕೊಂಡು, ಇನ್ನೂ ನಿಧಾನವಾಗಿ ಓದತೊಡಗಿದರು.