ಬೇರಿಕೆ ಸಂತೆಯಲ್ಲಿ ತಿದ್ದಿದ ಸಾಲು

ಅವಲಪಲ್ಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಲೇ ಹಾಡು ಕಟ್ಟಿ, ತಾವೇ ಹಾಡುತ್ತಿದ್ದರು. ಹೊಸ ಸಾಲು ಹೊಳೆದರೆ ತೊಡೆ ತಟ್ಟುತ್ತಾ, "ತಾಳು, ಇನ್ನೂ ಬಾಯಿಗೆ ಒಗ್ಗಿಲ್ಲ" ಎನ್ನುವುದು ಅವರ ರೂಢಿ.

ಬೆಂಗಳೂರಿನ ಕ್ಯಾಸೆಟ್ ಕಂಪನಿಯವರು ಅವರ ಒಂದು ಹಾಡು ಮೆಚ್ಚಿದರೂ, ಅದರಲ್ಲಿನ 'ಬತ್ತೀನಿ' ಎಂಬುದನ್ನು 'ಬರುವೆನು' ಮಾಡಿ ಎಂದರು. "ನಮ್ಮೂರಲ್ಲಿ ಯಾರೂ ಹಂಗನ್ನಲ್ಲ ಸಾರ್" ಎಂದು ಅಕ್ಕ ಎದ್ದು ಬಂದುಬಿಟ್ಟರು. ಕೆಲವು ವರ್ಷಗಳ ಮೇಲೆ ಕಂಪನಿಯವರೇ ಕರೆಸಿ, ಅಕ್ಕನ ಮಾತಿನಲ್ಲೇ ಸಿ.ಡಿ. ತಂದರು. ಆ ಹಾಡು ರಾಜ್ಯದ ಗಡಿಯ ಎರಡೂ ಕಡೆ ಮನೆಮಾತಾಯಿತು. ಅಕ್ಕ ಕಾರ್ಖಾನೆ ಬಿಟ್ಟು ಊರೂರಿನಲ್ಲಿ ಹಾಡತೊಡಗಿದರು.

ಆಮೇಲೊಮ್ಮೆ ನಾನೂ ಅಕ್ಕನೂ ಹತ್ತಿರದ ಬೇರಿಕೆ ಊರಿನ ಸಂತೆಗೆ ಹೋಗಿದ್ದಾಗ, ಸೊಪ್ಪು ಮಾರುವ ಅಜ್ಜಿಯೊಬ್ಬರು ಆ ಹಾಡನ್ನು ಗುನುಗುತ್ತಿದ್ದರು. ಕಟ್ಟಿದವರು ಇವರೇ ಎಂದು ನಾನು ಹೇಳಹೊರಟೆ. ಅಕ್ಕ ನನ್ನ ಕೈ ಅದುಮಿ, ತಾವೂ ದನಿಗೂಡಿಸಿದರು.

ಅಜ್ಜಿ ತಟ್ಟನೆ ನಿಲ್ಲಿಸಿದರು. "ಅದು ಹಂಗಲ್ಲ ಕಣಮ್ಮ. 'ನೀರಿಗೆ ಬತ್ತೀನಿ' ಅಲ್ಲ, 'ನೀರಾಗಿ ಬತ್ತೀನಿ' ಅನ್ಬೇಕು."

ಅಕ್ಕ ತೊಡೆ ತಟ್ಟುತ್ತಾ ಆ ಸಾಲನ್ನು ಬಾಯಲ್ಲೇ ಹೇಳಿ ನೋಡಿದರು. ಆಮೇಲೆ, "ನೀನಂದಿದ್ದೇ ಚೆಂದಾಗೈತೆ ಕಣವ್ವ" ಎಂದು ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಮೊದಲಿನಿಂದ ಹಾಡಿದರು. ಮುಂದೆ ವೇದಿಕೆಯ ಮೇಲೂ ಅವರು ಹಾಡಿದ್ದು ಅಜ್ಜಿಯ ಸಾಲನ್ನೇ.