ಗೆರೆಯಿಂದ ಒಂದು ಗೇಣು ಮೇಲೆ

ನಮ್ಮ ಯಜಮಾನರನ್ನು ಊರೆಲ್ಲ ಏಣಿ ಎಂದು ಕರೆಯುತ್ತದೆ. ಹೆಸರು ಹಿಡಿದು ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಅಂಗಡಿ, ಗೋದಾಮು, ಮದುವೆ ಛತ್ರ, ಎಲ್ಲಿ ಕ್ಯಾಮೆರಾ ಹಾಕಬೇಕಾದರೂ ಹೆಗಲ ಮೇಲೆ ಏಣಿ ಹೊತ್ತು ಹೋಗುವವರು ಅವರೇ. ಮೂರು ಮಹಡಿಯ ಎತ್ತರದಲ್ಲಿ ಕೈಯಲ್ಲಿ ಡ್ರಿಲ್ಲು, ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡು, ಕೆಳಗೆ ನಿಂತ ನನ್ನನ್ನು ಸಂಜೆ ಯಾವ ತರಕಾರಿ ತರಲಿ ಎಂದು ಕೇಳುವ ಮನುಷ್ಯ. ಆದರೆ ನೀರು ಕಂಡರೆ ಮುಗಿಯಿತು. ಚಿಕ್ಕಂದಿನಲ್ಲಿ ಬಾವಿಗೆ ಬಿದ್ದು ಬದುಕಿದವರು. ಬಕೆಟ್ ತುಂಬಿದ್ದರೆ ಇವತ್ತಿಗೂ ಅರ್ಧ ಚೆಲ್ಲಿಯೇ ಸ್ನಾನಕ್ಕೆ ಕೂರುತ್ತಾರೆ. ಸುಳ್ಳಲ್ಲ, ಹದಿನಾರು ವರ್ಷ ಸಂಸಾರ ಮಾಡಿದವಳು ಹೇಳುತ್ತಿದ್ದೇನೆ.

ನಮ್ಮದು ಒಂದೇ ಕೋಣೆಯ ಅಂಗಡಿ. ಬಾಗಿಲಿನ ಎಡಕ್ಕೆ ನನ್ನ ಹೊಲಿಗೆ ಯಂತ್ರ, ಬಲಕ್ಕೆ ಅವರ ವೈರು, ಡಬ್ಬಿ, ಹಳೆಯ ಟಿವಿಗಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ನೀರಿಗೆ ಎಳೆಯುವವಳು ನಾನೇ. ನನ್ನ ತವರು ದೋಣಿಯವರದು. ನನ್ನಣ್ಣ ಈಗಲೂ ಹೊಳೆಯ ಈ ದಡದಿಂದ ಆ ದಡಕ್ಕೆ ಜನ ದಾಟಿಸುವ ಸಣ್ಣ ಮರದ ದೋಣಿ ನಡೆಸುತ್ತಾನೆ. ಹಿಂದುಗಡೆ ಹಲಗೆಯ ಕೆಳಗೆ ಎಂಜಿನ್ನು, ನಡುವೆ ಬೆಂಚುಗಳು, ಮೇಲೊಂದು ತಗಡಿನ ಚಾವಣಿ. ಮೂವತ್ತು ಜನ ಹಿಡಿಸುತ್ತಾರೆ.

ಜನ ದಾಟಿಸುವ ದೋಣಿಗಳಲ್ಲೆಲ್ಲ ಕ್ಯಾಮೆರಾ ಇರಲೇಬೇಕು, ಇಲ್ಲದಿದ್ದರೆ ದೋಣಿ ಬಿಡಬೇಡಿ ಎಂದು ಸರಕಾರದಿಂದ ಆದೇಶ ಬಂತು. ಅಣ್ಣನ ದೋಣಿ ಹದಿನೈದು ದಿನ ಖಾಲಿಯಾಗಿ ಕಟ್ಟೆಗೆ ಕಟ್ಟಿಕೊಂಡು ನಿಂತಿತು. ಬೇರೆ ಯಾರನ್ನಾದರೂ ಕರೆಸುತ್ತೇನೆ ಎಂದು ಅಣ್ಣ ಅಂದ. ಭಾವನ ನೀರಿನ ಭಯ ಅವನಿಗೂ ಗೊತ್ತಿತ್ತು. ಮನೆಯಲ್ಲೇ ಕೆಲಸ ಬಲ್ಲವರಿರುವಾಗ ಹೊರಗಿನವರು ಯಾಕೆ ಎಂದು ಹಟ ಹಿಡಿದವಳು ನಾನು. 

ಅವರು ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ದಡದ ಕಂಬಕ್ಕೆ ಕಟ್ಟಿ ದೋಣಿಗಿಳಿದರು. ನೋಡಿದವರು ನಕ್ಕರು, ನಾನೂ ನಕ್ಕೆ. ನಾಲ್ಕು ಕ್ಯಾಮೆರಾ: ಮುಂದಕ್ಕೊಂದು, ಜನ ಕೂರುವಲ್ಲಿಗೊಂದು, ಎಂಜಿನ್ನಿನ ಗುಂಡಿಗೊಂದು, ಹಿಂಬದಿಯ ಹೊರಗೊಂದು. ಜನರ ಕಡೆಯದಕ್ಕೆ ಮೈಕು, ಸ್ಪೀಕರು ಎರಡೂ ಇತ್ತು. ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ನೋಡಬಹುದು, ಇಲ್ಲಿ ಮಾತಾಡಿದರೆ ಅಲ್ಲಿ ಕೇಳುತ್ತದೆ. ಹೊರಗಿನ ಕ್ಯಾಮೆರಾದ ವೈರನ್ನು ಅಂಚಿನ ಮೇಲಿಂದ ತಂದರೆ ಜನ ತುಳಿಯುತ್ತಾರೆ, ಹಗ್ಗ ಉಜ್ಜುತ್ತದೆ. ಅದಕ್ಕೆ ದೋಣಿಯ ಹಿಂಬದಿಗೆ ಗೋಡೆಯಂತೆ ನಿಂತ ಹಲಗೆಯಲ್ಲೇ ತೂತು ಕೊರೆದು ಗುಂಡಿಯೊಳಗೆ ಎಳೆಯುವುದೆಂದು ನಿರ್ಧಾರ ಮಾಡಿದರು. ವೈರಿನ ತುದಿಯ ಪ್ಲಗ್ಗೂ ತೂರಬೇಕಲ್ಲ, ಹಾಗಾಗಿ ತೂತು ಹೆಬ್ಬೆರಳಿನ ಗಾತ್ರ.

ಅಣ್ಣ ಆವತ್ತು ಕಾಗದಪತ್ರಕ್ಕೆಂದು ಕಚೇರಿಗೆ ಹೋಗಿದ್ದ. ಇವರು ಫೋನ್ ಮಾಡಿ ಎಲ್ಲಿ ಕೊರೆಯಲಿ ಎಂದು ಕೇಳಿದರು.

“ಗೆರೆಯಿಂದ ಒಂದು ಗೇಣು ಮೇಲೆ ಎಲ್ಲಿ ಬೇಕಾದ್ರೂ ಕೊರೀರಿ ಭಾವ,” ಅಂದ ಅಣ್ಣ.

ಹಿಂದಿನ ಹಲಗೆಯ ಮೇಲೆ ಗೆರೆ ಇತ್ತು. ಹಸಿರು ಗೆರೆ, ನೀರಿಗೆ ಸಮವಾಗಿ, ಸ್ಕೇಲು ಇಟ್ಟು ಎಳೆದಷ್ಟು ನೇರ. ನನ್ನ ಕುತ್ತಿಗೆಯಲ್ಲಿದ್ದ ಟೇಪಿನಿಂದ ನಾನೇ ಅಳೆದೆ. ಒಂಬತ್ತು ಇಂಚು. ಅವರು ಕೊರೆದರು, ವೈರು ಎಳೆದರು, ಸುತ್ತ ಅಂಟು ತುಂಬಿದರು, ಬೆರಳಿನಿಂದ ಒರೆಸಿ ನಯ ಮಾಡಿದರು. ಗೋಡೆಯಾಗಿದ್ದರೆ ನೂರು ವರ್ಷ ನಿಲ್ಲುವ ಕೆಲಸ.

ದೋಣಿಯವರ ಬಾಯಲ್ಲಿ ಗೆರೆ ಅಂದರೆ ಪಕ್ಕದಲ್ಲಿ ಬಳಿದಿರುವ ಬಿಳಿ ಗೆರೆ. ತುಂಬಿದ ದೋಣಿ ಅಲ್ಲಿಯವರೆಗೆ ಇಳಿಯುತ್ತದೆ. ನಾವು ಅಳೆದದ್ದು ಪಾಚಿಯ ಗೆರೆ. ಹದಿನೈದು ದಿನ ಖಾಲಿ ನಿಂತ ದೋಣಿಗೆ ನೀರು ಮುಟ್ಟಿದಷ್ಟಕ್ಕೆ ಪಾಚಿ ಕಟ್ಟಿತ್ತು; ಜನ ತುಂಬಿದರೆ ಅದರ ಮೇಲಿನ ಒಂದು ಗೇಣೂ ನೀರೊಳಗೆ. ಇವರು ನೆಲದ ಮನುಷ್ಯ, ಇವರಿಗೆ ತಿಳಿಯದಿದ್ದರೆ ತಪ್ಪಿಲ್ಲ. ದೋಣಿಯಲ್ಲೇ ಆಡಿ ಬೆಳೆದ ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ದೋಣಿ ಮತ್ತೆ ಹೊರಡುವ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಜನವೋ ಜನ. ಆ ದಡದ ಕಾರ್ಖಾನೆಗೆ ಹೋಗುವವರು, ಶಾಲೆಯ ಟೀಚರುಗಳು, ಹಿಂದುಗಡೆ ಯಾರದೋ ಹತ್ತು ಚೀಲ ಸಿಮೆಂಟು. ನಾನೂ ಕಾರ್ಖಾನೆಗೆ ಹೊಲಿದ ಪ್ಯಾಂಟುಗಳ ಗಂಟು ಹೊತ್ತು ಹೊರಟೆ. ಅಣ್ಣ ಭಾವನನ್ನು ಕರೆದ. ಇವರು ಬರುವುದಿಲ್ಲವೆಂದರು. ಚಿತ್ರ ಬರುತ್ತದೋ ಇಲ್ಲವೋ ಅಂಗಡಿಯಲ್ಲಿ ಒಬ್ಬರು ನೋಡಬೇಕಲ್ಲ ಎಂದರು. ಅದು ನಿಜವೂ ಹೌದು, ನೆಪವೂ ಹೌದು. ನನಗೆ ಎಲ್ಲಿತ್ತೋ ಕೋಪ.

“ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ? ಪುಕ್ಕಲ ಅಂದ್ರೆ ಪುಕ್ಕಲ,” ಎಂದೆ. ಅಷ್ಟೂ ಜನ ಕೇಳಿಸಿಕೊಂಡರು.

ಅವರು ತಲೆ ತಗ್ಗಿಸಿ ಅಂಗಡಿಯ ಕಡೆ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗೆ ಪಶ್ಚಾತ್ತಾಪ ಆಗಲಿಲ್ಲ, ಇನ್ನೂ ನಾಲ್ಕು ಅನ್ನಬೇಕಿತ್ತು ಅನ್ನಿಸಿತು. ದೋಣಿ ಹೊರಟಿತು.

ಆ ದಡಕ್ಕೆ ನಲವತ್ತು ನಿಮಿಷ. ಕಾಲು ಗಂಟೆ ಕಳೆದಿರಬೇಕು, ನನಗೆ ಫೋನ್ ಬಂತು. ಅವರೇ. ಕ್ಷಮೆ ಕೇಳಿಸಿಕೊಳ್ಳಲೆಂದೋ, ಜಗಳ ಮುಂದುವರಿಸಲೆಂದೋ ಇರಬೇಕು ಎಂದುಕೊಂಡು ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ. ಮೂರನೆಯ ಸಲ ಕಟ್ ಮಾಡಿ, ಫೋನನ್ನು ಗಂಟಿನೊಳಗೆ ತುರುಕಿ, ಮುಖ ಸೊಟ್ಟ ಮಾಡಿಕೊಂಡು ಹೊಳೆ ನೋಡುತ್ತಾ ಕೂತೆ.

ಆಗ ಅಂಗಡಿಯಲ್ಲಿ ಏನು ನಡೆಯುತ್ತಿತ್ತೆಂದು ಆಮೇಲೆ ತಿಳಿಯಿತು. ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಾಲ್ಕೂ ಚಿತ್ರ ನೋಡುತ್ತಿದ್ದರು. ಎಂಜಿನ್ನಿನ ಗುಂಡಿಯಲ್ಲಿ ಒಂದು ಖಾಲಿ ಎಣ್ಣೆ ಡಬ್ಬ ಬಿದ್ದಿತ್ತು. ಅದು ಮೆಲ್ಲಗೆ ಹೊರಳಿತು. ಆಮೇಲೆ ಎದ್ದು ತೇಲತೊಡಗಿತು.  ತೂತಿನ ಅಂಟು ಕಿತ್ತುಹೋಗಿದೆ, ತೂತು ನೀರಿನ ಕೆಳಗಿದೆ ಎಂದು ಆ ಕ್ಷಣವೇ ಗೊತ್ತಾಯಿತಂತೆ. ಅಣ್ಣನಿಗೆ ಫೋನ್ ಮಾಡಿದರು. ದೋಣಿ ನಡೆಸುವಾಗ ಅಣ್ಣನ ಫೋನು ತಗಡಿನ ಪೆಟ್ಟಿಗೆಯಲ್ಲಿರುತ್ತದೆ. ಚಿತ್ರ ನೋಡಲೆಂದು ಅವನ ಮುಂದೂ ಒಂದು ಪುಟ್ಟ ಪರದೆ ಇಟ್ಟಿದ್ದರು, ಅದರ ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ಅಣ್ಣ ಅದಕ್ಕೆ ಟವೆಲ್ ಹೊದಿಸಿದ್ದ. ಆಮೇಲೆ ನನಗೆ ಮಾಡಿದರು. ನಾನು ಫೋನ್ ನೋಡುವುದು, ತುಟಿ ಕೊಂಕಿಸುವುದು, ಬೆರಳಿನಿಂದ ಒತ್ತಿ ಕಟ್ ಮಾಡುವುದು, ಎಲ್ಲವೂ ಅವರಿಗೆ ಕಾಣುತ್ತಿತ್ತು.

ಉಳಿದದ್ದು ಸ್ಪೀಕರು ಒಂದೇ. ಆದರೆ ಅದರಲ್ಲಿ ಮಾತಾಡಿದರೆ ಮೂವತ್ತು ಜನಕ್ಕೂ ಕೇಳುತ್ತದೆ. ನೀರು ಬರುತ್ತಿದೆ ಎಂದರೆ ಎಲ್ಲರೂ ಒಮ್ಮೆಲೇ ಎದ್ದು ನಿಲ್ಲುತ್ತಾರೆ, ಒಂದೇ ಕಡೆ ಓಡುತ್ತಾರೆ. ತೂತು ಮುಳುಗಿಸುವ ಮೊದಲೇ ಜನ ಮುಳುಗಿಸುತ್ತಾರೆ. ನೀರಿಗೆ ಹೆದರುವವರಿಗೆ ಹೆದರಿದವರು ಏನು ಮಾಡುತ್ತಾರೆಂದು ಚೆನ್ನಾಗಿ ಗೊತ್ತು.

ನಮ್ಮ ತಲೆಯ ಮೇಲೆ ಗರಗರ ಸದ್ದಾಯಿತು. ಆಮೇಲೆ ಅವರ ದನಿ.

“ಏ ಇವಳೇ, ನಲ್ಲಿ ತೆರೆದೇ ಬಿಟ್ಟು ಹೋಗಿದ್ದೀವಿ ಕಣೇ. ಮೊನ್ನೆ ನೀನು ಟೇಪಲ್ಲಿ ಅಳತೆ ಹಿಡಿದೆಯಲ್ಲ, ಆ ನಲ್ಲಿ. ಎದ್ದು ಹೋಗಿ ನಿಮ್ಮಣ್ಣನಿಗೆ ಮೆಲ್ಲಗೆ ಹೇಳು.”

ದೋಣಿಯೆಲ್ಲ ನಕ್ಕಿತು. ಹೆಂಡತಿಗೆ ಬೈಯಲು ಸರಕಾರಿ ಕ್ಯಾಮೆರಾ ಎಂದು ಯಾರೋ ತಮಾಷೆ ಮಾಡಿದರು. ನನಗೆ ಮೊದಲು ಮೈ ಉರಿಯಿತು. ನಮ್ಮ ಮನೆಯ ನಲ್ಲಿಗೆ ಯಾರು ಅಳತೆ ಹಿಡಿದಿದ್ದಾರೆ? ಮರುಗಳಿಗೆಯಲ್ಲಿ ಹೊಳೆಯಿತು. ನಾನು ಟೇಪು ಹಿಡಿದದ್ದು ಒಂದೇ ಕಡೆ. ಬಗ್ಗಿ ದೋಣಿಯ ಪಕ್ಕ ನೋಡಿದೆ. ಬಿಳಿ ಗೆರೆ ಕಾಣಲೇ ಇಲ್ಲ.

ಎದ್ದೆ. ಗಂಟು ಎತ್ತಿಕೊಂಡೆ. ನಗುತ್ತಿರುವವರ ನಡುವೆ ನಾನೂ ಹಲ್ಲು ಕಿರಿದುಕೊಂಡು ಹಿಂದಕ್ಕೆ ಹೋದೆ. ಅಣ್ಣನ ಕಿವಿಯಲ್ಲಿ ಹೇಳಿದೆ. ಅವನು ಟವೆಲ್ ಸರಿಸಿ ಪರದೆ ನೋಡಿದ, ಅವನ ಮುಖದ ಬಣ್ಣ ಇಳಿದುಹೋಯಿತು. ಆದರೆ ದನಿ ಬದಲಾಗಲಿಲ್ಲ. ಮುಂದೆ ಮರಳು ದಿಬ್ಬ ಇದೆ, ಹಿಂದೆ ಭಾರ ಜಾಸ್ತಿಯಾಗಿದೆ, ಇಬ್ಬಿಬ್ಬರಾಗಿ ಮೆಲ್ಲಗೆ ಮುಂದೆ ಹೋಗಿ ಕೂತ್ಕೊಳ್ಳಿ, ಆ ಚೀಲಗಳನ್ನೂ ಕೈಗೆ ಕೈ ದಾಟಿಸಿ ಎಂದ. ಜನ ಗೊಣಗುತ್ತಾ ಸರಿದರು.

ನಾನು ಹಲಗೆ ಎತ್ತಿ ಗುಂಡಿಗಿಳಿದೆ. ನೀರು ಮೊಣಕಾಲಿಗೆ ಬಂತು, ಎಣ್ಣೆ ಬೆರೆತ ಕಪ್ಪು ನೀರು. ಎಂಜಿನ್ನಿನ ತಳ ಆಗಲೇ ಮುಳುಗಿತ್ತು. ತೂತಿನಿಂದ ನೀರು ಹೆಬ್ಬೆರಳು ದಪ್ಪಕ್ಕೆ ಚಿಮ್ಮುತ್ತಿತ್ತು, ಅದರ ನಡುವೆ ನಮ್ಮ ವೈರು ಅಲ್ಲಾಡುತ್ತಿತ್ತು. ಗಂಟು ಬಿಚ್ಚಿ ಸಿಕ್ಕಿದ ಒಂದು ಪ್ಯಾಂಟಿನ ಕಾಲನ್ನು ತುರುಕಿದೆ. ನೀರು ಅದನ್ನು ಉಗುಳಿತು. ಎರಡು ಪ್ಯಾಂಟಿನ ತುದಿ ಸೇರಿಸಿ ತಿರುಚಿ ತುರುಕಿ, ಕೂತು, ಬೆನ್ನನ್ನು ಎಂಜಿನ್ನಿನ ಪೆಟ್ಟಿಗೆಗೆ ಕೊಟ್ಟು, ಹಿಮ್ಮಡಿಯಿಂದ ಒತ್ತಿ ಹಿಡಿದೆ. ಫೋನು ಗಂಟಿನ ಜೊತೆ ನೀರಿಗೆ ಬಿದ್ದಿತ್ತು, ಹುಡುಕಲು ಕೈ ಬಿಡುವಿರಲಿಲ್ಲ. ಅಣ್ಣ ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು, ಬಗ್ಗಿ, ಇನ್ನೊಂದು ಕೈಯಿಂದ ಡಬ್ಬದಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದ. ನಾನು ನಮ್ಮ ಮಕ್ಕಳನ್ನು ನೆನೆದೆ. ಅವರಿಗೆ ಬೆಳಿಗ್ಗೆ ತಲೆ ಬಾಚಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಅದೊಂದೇ ಪ್ರಶ್ನೆ ತಲೆಯಲ್ಲಿ ತಿರುಗಿತು. ಸಾಯುತ್ತೇನೆಂದು ನನಗೆ ಖಾತ್ರಿಯಾಗಿತ್ತು.

ಇಡೀ ಹೊತ್ತು ಮೇಲಿನ ಸ್ಪೀಕರಿನಿಂದ ಯಜಮಾನರ ದನಿ ನಿಲ್ಲಲಿಲ್ಲ. ಜನ ಸುಮ್ಮನಾದರೆ ಕೆಳಗಿನ ನೀರಿನ ಸದ್ದು ಕೇಳಿಬಿಡುತ್ತದೆಂದು ಅವರು ಮಾತಾಡುತ್ತಲೇ ಹೋದರು. ನಾನು ಸಾರಿಗೆ ಉಪ್ಪು ಮರೆಯುವುದು, ನಮ್ಮತ್ತೆ ನನ್ನ ಗೊರಕೆಗೆ ಹೆದರಿ ಮಹಡಿಗೆ ಹಾಸಿಗೆ ಸಾಗಿಸಿದ್ದು, ಒಮ್ಮೆ ಯಜಮಾನರನ್ನೇ ನಾನು ಅಂಗಡಿಯೊಳಗೆ ಬಿಟ್ಟು ಬೀಗ ಹಾಕಿಕೊಂಡು ಹೋದದ್ದು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗುಂಡಿಯ ಕ್ಯಾಮೆರಾದಲ್ಲಿ ಕೂತಿದ್ದ ನನ್ನ ಸೊಂಟದವರೆಗೆ ಏರುತ್ತಿದ್ದ ನೀರನ್ನು ನೋಡುತ್ತಲೇ ಅವರು ಅದನ್ನೆಲ್ಲ ಹೇಳುತ್ತಿದ್ದರು. ಅಷ್ಟು ಮಾತನ್ನು ಆ ಮನುಷ್ಯ ಹದಿನಾರು ವರ್ಷದಲ್ಲಿ ಆಡಿರಲಿಲ್ಲ.

ಆ ದಡದ ಕಟ್ಟೆ ಮುಟ್ಟಿದ್ದು ನನಗೆ ಗೊತ್ತೇ ಆಗಲಿಲ್ಲ. ಜನ ಇಳಿಯುವ ಹೆಜ್ಜೆ ಸದ್ದು ಕೇಳಿತು. ಒಬ್ಬೊಬ್ಬರು ಇಳಿದಂತೆಲ್ಲ ದೋಣಿ ಮೇಲೆದ್ದಿತು. ಕೊನೆಯ ಸಿಮೆಂಟು ಚೀಲ ಇಳಿದಾಗ ತೂತು ನೀರಿನಿಂದ ಮೇಲೆ ಬಂದು, ಪ್ಯಾಂಟಿನ ಬಟ್ಟೆಯ ಸಂದಿಯಲ್ಲಿ ಬಿಸಿಲು ಕಂಡಿತು. ತಾನೇನೂ ಮಾಡಿಲ್ಲ ಎನ್ನುವ ಹಾಗೆ ಇತ್ತು ಅದು. ಅಣ್ಣ ನನ್ನನ್ನು ಎತ್ತಿ ದಡದ ಮೇಲೆ ಕೂರಿಸಿದ. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಜನ್ಮದಲ್ಲಿ ಇನ್ನು ದೋಣಿಗೆ ಕಾಲಿಡುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ.

ಅಷ್ಟರಲ್ಲಿ ಖಾಲಿ ದೋಣಿಯ ಚಾವಣಿಯಿಂದ ಅವರು ಕೂಗತೊಡಗಿದರು. ನಾನು ದಡಕ್ಕೆ ಬಂದದ್ದೇ ಕ್ಯಾಮೆರಾದ ಕಣ್ಣಿಂದ ತಪ್ಪಿದ್ದೆ. ಅವರಿಗೆ ಕಾಣುತ್ತಿದ್ದದ್ದು ಖಾಲಿ ಬೆಂಚುಗಳು, ಗುಂಡಿಯಲ್ಲಿ ತೇಲುವ ಪ್ಯಾಂಟುಗಳು, ಅಷ್ಟೇ.

“ಎಲ್ಲಿದ್ದೀಯ? ಕಾಣಿಸ್ತಾ ಇಲ್ಲ. ಎಲ್ಲಿದ್ದೀಯ?”

ಅಣ್ಣ ದೋಣಿಗೆ ಹತ್ತಿ, ಇಳಿದಿದ್ದಾಳೆ ಭಾವ, ಚೆನ್ನಾಗಿದ್ದಾಳೆ ಎಂದು ಎರಡು ಸಲ ಹೇಳಿದ. ಅದು ಅವರ ಕಿವಿಗೆ ಹೋಗಲಿಲ್ಲ, ಅದನ್ನೇ ಕೇಳುತ್ತಿದ್ದರು. ಅಣ್ಣ ನನ್ನ ಕಡೆ ತಿರುಗಿದ.

“ನನ್ನ ಮಾತು ನಂಬ್ತಾ ಇಲ್ಲಮ್ಮ. ನೀನೇ ಬಾ.”

ಎದ್ದು ನಿಂತೆ. ಕಟ್ಟೆಗೂ ದೋಣಿಗೂ ನಡುವೆ ಒಂದಡಿ ನೀರು ಅಲ್ಲಾಡುತ್ತಿತ್ತು.  ಕಣ್ಣು ಮುಚ್ಚಿಕೊಂಡು ದಾಟಿ, ಬೆಂಚು ಬೆಂಚು ಹಿಡಿದುಕೊಂಡು ಹೋಗಿ, ಕ್ಯಾಮೆರಾದ ಮುಂದೆ ಮುಖವೆತ್ತಿ ನಿಂತೆ. ಮೈಯೆಲ್ಲ ಎಣ್ಣೆ, ಕೂದಲೆಲ್ಲ ಕೆದರಿತ್ತು.

“ಇಲ್ಲಿದ್ದೀನಿ ರೀ. ಕಾಣಿಸ್ತಾ ಇದ್ದೀನಾ?”

ಸ್ಪೀಕರಿನಲ್ಲಿ ಗರಗರ ಸದ್ದಾಯಿತು. ಆಮೇಲೆ ಅವರು, “ಮೂರು ಸಲ ಕಟ್ ಮಾಡ್ದೆ ಕಣೇ. ನಾನು ನೋಡ್ತಾನೇ ಇದ್ದೆ,” ಎಂದರು. ಅಷ್ಟು ಹೇಳಿ ಅತ್ತರು. ಕಟ್ಟೆಯ ಮೇಲಿದ್ದವರೆಲ್ಲ ನಗು ನಿಲ್ಲಿಸಿ ನಿಂತರು.