ಗುರುವಾರದ ಚಾಪೆ

ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಪಾಠ ಹೇಳಲು ಆ ಟೀಚರಮ್ಮ ಗುರುವಾರಕ್ಕೊಮ್ಮೆ ರಾಯದುರ್ಗದಿಂದ ಬಸ್ಸಿನಲ್ಲಿ ನಮ್ಮ ಶಾಲೆಗೆ ಬರುತ್ತಿದ್ದರು. ನನ್ನ ತರಗತಿಯಲ್ಲಿ ಅಂಥವಳು ಒಬ್ಬಳೇ ಹುಡುಗಿ. ವರಾಂಡದಲ್ಲಿ ಚಾಪೆ ಹಾಸಿ, ಕೈಗಡಿಯಾರ ಬಿಚ್ಚಿ ಚೀಲದೊಳಗಿಟ್ಟು, ಟೀಚರಮ್ಮ ಅವಳೆದುರು ಕೂರುತ್ತಿದ್ದರು. ಒಂದು ‘ಅ’ ತಿದ್ದಿಸಲು ಮೂರು ತಿಂಗಳು ಹಿಡಿಯಿತು. ನಾನು ನಕ್ಕರೆ, “ಅವಸರ ಏನಿಲ್ರಿ ಸಾರ್” ಅನ್ನುತ್ತಿದ್ದರು.

ಒಂದು ಸೋಮವಾರ ಮಂಡಲದ ಶಿಕ್ಷಣಾಧಿಕಾರಿ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅಂಥ ದಿನ ಓದಲು ಬಾರದವರನ್ನು ಮನೆಯಲ್ಲೇ ಇರಿಸುವುದು ನಮ್ಮ ಕಡೆಯ ಮೇಷ್ಟ್ರುಗಳ ರೂಢಿ. ನಾನೂ ಹಿಂದಿನ ದಿನ ಹುಡುಗಿಯ ಮನೆಗೆ ಹೋಗಿ ತಾಯಿಗೆ, “ನಾಳೆ ಕಳಿಸಬ್ಯಾಡಮ್ಮ” ಅಂದೆ. ಸಾಹೇಬರು ನನ್ನ ತರಗತಿಯನ್ನು ಹೊಗಳಿ ಹೋದರು.

ಮರುದಿನವೂ ಹುಡುಗಿ ಬರಲಿಲ್ಲ. ಸಂಜೆ ಮನೆಗೆ ಹೋದೆ. ತಾಯಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಹುಡುಗಿಯೂ ಬಿಡಿಸುತ್ತಿದ್ದಳು, ನನ್ನತ್ತ ನೋಡಲಿಲ್ಲ.

“ಚೀಲ ಮುಟ್ಟಾಕ ಒಲ್ಲೆ ಅಂತಾಳ್ರಿ. ಆಕಿಗೂ ತಿಳೀತೈತ್ರಿ ಸಾರ್.”

ಗುರುವಾರ ಟೀಚರಮ್ಮ ಬಂದರು, ಚಾಪೆ ಹಾಸಿದರು, ಗಡಿಯಾರ ಬಿಚ್ಚಿಟ್ಟರು.

“ಯಾಕ್ರಿ ಸಾರ್, ಹುಡುಗಿ ಬಂದಿಲ್ಲ?”

“ಹುಷಾರಿಲ್ಲಂತ್ರಿ,” ಅಂದೆ.

“ಹಂಗಾದ್ರ ಆರಾಮಾಗಿ ಬರ್ಲಿ ಬಿಡ್ರಿ, ಅವಸರ ಏನಿಲ್ಲ,” ಅಂದವರು, ಬಸ್ಸಿನ ಹೊತ್ತಾಗುವವರೆಗೂ ಗೇಟಿನ ಕಡೆಗೇ ನೋಡುತ್ತ ಕೂತಿದ್ದರು.